ಮಣ್ಣಿನಡಿಯ ವಿಮಾನಕ್ಕೆ ಹೆಸರು ಹುಡುಕುವುದು

1941ರ ನವೆಂಬರ್ 30ರಂದು ಐರ್ಲೆಂಡಿನ ಉತ್ತರ ತುದಿಯ ಡೊನೆಗಾಲ್ ಕೌಂಟಿಯಲ್ಲಿ, ಯಾರೂ ಬೇಸಾಯ ಮಾಡದ ಒಂದು ಜೌಗು ನೆಲಕ್ಕೆ ಸ್ಪಿಟ್‌ಫೈರ್ ಯುದ್ಧವಿಮಾನವೊಂದು ಮೂಗು ಕೆಳಗಾಗಿ ಬಂದು ನೆಟ್ಟಿತು. ಒಳಗೆ ಯಾರೂ ಇರಲಿಲ್ಲ. ಪೈಲಟ್ ರೋಲಂಡ್ ವುಲ್ಫ್ ಅಷ್ಟರಲ್ಲಿ ಪ್ಯಾರಾಚೂಟಿನೊಂದಿಗೆ ಹೊರಕ್ಕೆ ಹಾರಿದ್ದರು. ಸಮುದ್ರದ ಮೇಲೆ ಸರಕುಹಡಗುಗಳ ಸಾಲಿಗೆ ಕಾವಲು ಕೊಟ್ಟು ಉತ್ತರ ಐರ್ಲೆಂಡಿನ ಎಗ್ಲಿಂಟನ್ ನೆಲೆಗೆ ಮರಳುತ್ತಿದ್ದಾಗ ಎಂಜಿನ್ ಮಿತಿಮೀರಿ ಕಾದು ಕೈಕೊಟ್ಟಿತ್ತು.

ವುಲ್ಫ್ ಅಮೆರಿಕದ ನೆಬ್ರಾಸ್ಕದವರು. ಅಮೆರಿಕ ಆಗಿನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ತಮ್ಮ ಸರ್ಕಾರಕ್ಕಿಂತ ಮೊದಲೇ ಯುದ್ಧಕ್ಕೆ ಹೊರಟ ಅಮೆರಿಕನ್ ತರುಣರಿಗಾಗಿ ಬ್ರಿಟಿಷ್ ವಾಯುಪಡೆ ಕಟ್ಟಿದ್ದ ‘ಈಗಲ್’ ಸ್ಕ್ವಾಡ್ರನ್‌ಗಳಲ್ಲಿ ಒಂದಾದ 133ನೆಯದರಲ್ಲಿ ಅವರಿದ್ದರು. ಅವರು ಇಳಿದದ್ದು ಗಡಿಯ ಆಚೆ, ತಟಸ್ಥ ಐರ್ಲೆಂಡಿನಲ್ಲಿ. ಹಾಗಾಗಿ ಐರಿಷ್ ಸೇನೆ ಅವರನ್ನು ಹಿಡಿದು ಕಿಲ್ಡೇರಿನ ಕರ್ರಾ ಬಂಧನ ಶಿಬಿರಕ್ಕೆ ಹಾಕಿತು. ಅದು ವಿಚಿತ್ರ ಶಿಬಿರ. ತಪ್ಪಿಸಿಕೊಳ್ಳುವುದಿಲ್ಲ ಎಂದು ಸಹಿ ಮಾಡಿದರೆ ಸಂಜೆ ಊರು ಸುತ್ತಿ ಬರಬಹುದಿತ್ತು. ಎರಡೇ ವಾರದಲ್ಲಿ ವುಲ್ಫ್ ಅಲ್ಲಿಂದ ಹೊರಬಿದ್ದು ಬೆಲ್‌ಫಾಸ್ಟ್ ದಾರಿಯಾಗಿ ತಮ್ಮ ನೆಲೆಗೆ ಮರಳಿದರು. ಐರ್ಲೆಂಡಿನ ತಾಟಸ್ಥ್ಯವನ್ನು ಕೆಣಕಲು ಇಷ್ಟವಿಲ್ಲದ ಬ್ರಿಟಿಷರು ಅವರನ್ನು ಮತ್ತೆ ಅದೇ ಶಿಬಿರಕ್ಕೆ ಕಳಿಸಿಕೊಟ್ಟರು. 1943ರವರೆಗೆ ಅವರು ಅಲ್ಲೇ ಉಳಿಯಬೇಕಾಯಿತು. ಮುಂದೆ ಕೊರಿಯಾ, ವಿಯೆಟ್ನಾಂ ಯುದ್ಧಗಳಲ್ಲೂ ಸೇವೆ ಸಲ್ಲಿಸಿ 1994ರಲ್ಲಿ ತೀರಿಕೊಂಡರು.

ವಿಮಾನ ಮಾತ್ರ ಬಿದ್ದ ಜಾಗದಲ್ಲೇ ಇತ್ತು. ಇತಿಹಾಸಕಾರ ಜಾನಿ ಮಕ್ನೀ ಆ ಜಾಗ ಪತ್ತೆ ಹಚ್ಚಿದ ಮೇಲೆ, 2011ರ ಜೂನ್‌ನಲ್ಲಿ ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞರು ಅಗೆಯಲು ಹೋದರು. ಕಪ್ಪು ಕೆಸರಿನೊಳಗಿಂದ ಆರು ಬ್ರೌನಿಂಗ್ ಮೆಷಿನ್‌ಗನ್ನುಗಳು, ಸಾವಿರದಷ್ಟು ತೋಟಾಗಳು, ಹಿಂಬದಿಯ ಚಕ್ರ, ಚರ್ಮದ ಶಿರಸ್ತ್ರಾಣ, ಕಡೆಗೆ ಸುಮಾರು ಹತ್ತು ಮೀಟರ್ ಆಳದಲ್ಲಿ ಮರ್ಲಿನ್ ಎಂಜಿನ್ ಸಿಕ್ಕವು. ಐರಿಷ್ ಸೇನೆಯವರು ಗನ್ನುಗಳನ್ನು ಒಯ್ದು ತೊಳೆದು, ಒಂದರ ಭಾಗ ಇನ್ನೊಂದಕ್ಕೆ ಜೋಡಿಸಿ, ಒಂದನ್ನು ಹಾರಿಸಿಯೇ ನೋಡಿದರು. ಎಪ್ಪತ್ತು ವರ್ಷ ಕೆಸರಿನಲ್ಲಿದ್ದ ಗನ್ನು ಕೆಲಸ ಮಾಡಿತು.

ಪತ್ರಿಕೆಗಳಿಗೆ ದೊಡ್ಡ ಸುದ್ದಿಯಾದದ್ದು ಈ ಗನ್ನು. ಈ ಬರಹಕ್ಕೆ ಮುಖ್ಯವಾದದ್ದು ಬೇರೆ ಪ್ರಶ್ನೆ. ನೆಲದಿಂದ ಮೇಲೆ ಬರುವುದು ಸಾಮಾನ್ಯವಾಗಿ ನಜ್ಜುಗುಜ್ಜಾದ ಲೋಹದ ರಾಶಿ. ಅದನ್ನು ನೋಡಿ ಇದು ಇಂಥ ದಿನ, ಇಂಥವರು ಹಾರಿಸಿದ, ಇಂಥ ವಿಮಾನ ಎಂದು ಹೇಳುವುದು ಹೇಗೆ? ಹಾಗೆ ಹೇಳುವುದರಿಂದ ಯಾರಿಗೆ ಏನು ಸಿಗುತ್ತದೆ?

ಬಣ್ಣದ ಹೆಸರು, ಅಚ್ಚೊತ್ತಿದ ಸಂಖ್ಯೆ

ಡೊನೆಗಾಲಿನ ಆ ಸ್ಪಿಟ್‌ಫೈರಿಗೆ ಎರಡು ಗುರುತುಗಳಿದ್ದವು. ಒಂದು ಅದರ ಸಂಖ್ಯೆ, ಪಿ8074. ಇನ್ನೊಂದು ಅದರ ಮೈಮೇಲೆ ಬರೆದ ಹೆಸರು, ‘ಗಾರ್ಫೀಲ್ಡ್ ವೆಸ್ಟನ್’. ವೆಸ್ಟನ್ ಕೆನಡಾ ಮೂಲದ ಬಿಸ್ಕತ್ತು ತಯಾರಕರು, ಬ್ರಿಟನ್ನಿನ ಸಂಸತ್ ಸದಸ್ಯರು. 1940ರಲ್ಲಿ ಅವರು ವಿಮಾನಗಳಿಗೆಂದು ಒಂದು ಲಕ್ಷ ಪೌಂಡ್ ಕೊಟ್ಟಿದ್ದರು. ಐದು ಸಾವಿರ ಪೌಂಡ್ ಕೊಟ್ಟವರ ಹೆಸರನ್ನು ಒಂದು ಸ್ಪಿಟ್‌ಫೈರಿನ ಮೇಲೆ ಬರೆಯುವುದು ಆಗಿನ ರೂಢಿ. ನಿಜವಾದ ಖರ್ಚು ಅದಕ್ಕಿಂತ ಹೆಚ್ಚಾಗುತ್ತಿತ್ತು. ಆದರೂ ಊರುಗಳು, ಕಾರ್ಖಾನೆಗಳು, ಸಂಸ್ಥಾನಗಳು ಚಂದಾ ಎತ್ತಿ ಕೊಟ್ಟವು.

ಈ ದಾನದ ಪಟ್ಟಿಯಲ್ಲಿ ನಮ್ಮವರೂ ಇದ್ದರು. ದೊಡ್ಡ ಮೊತ್ತ ಕೊಟ್ಟವರ ಹೆಸರನ್ನು ಬಿಡಿ ವಿಮಾನಕ್ಕಲ್ಲ, ಇಡೀ ಸ್ಕ್ವಾಡ್ರನ್ನಿಗೇ ಇಡುತ್ತಿದ್ದರು. ಬ್ರಿಟಿಷ್ ವಾಯುಪಡೆಯ 152ನೆಯ ಸ್ಕ್ವಾಡ್ರನ್ ‘ಹೈದರಾಬಾದ್’, 132ನೆಯದು ‘ಸಿಟಿ ಆಫ್ ಬಾಂಬೆ’, 234ನೆಯದು ‘ಮದ್ರಾಸ್ ಪ್ರೆಸಿಡೆನ್ಸಿ’. 129ನೆಯದು ‘ಮೈಸೂರು’. 1941ರಲ್ಲಿ ಸ್ಪಿಟ್‌ಫೈರ್‌ಗಳೊಂದಿಗೆ ಮತ್ತೆ ಕಟ್ಟಿದ ಈ ಸ್ಕ್ವಾಡ್ರನ್ನಿನ ಲಾಂಛನದಲ್ಲಿ ಇದ್ದದ್ದು ನಮ್ಮ ಗಂಡಭೇರುಂಡ. ಕೆಳದಿಯ ಗುಡಿಯ ಕಲ್ಲಿನಲ್ಲೂ ಮೈಸೂರಿನ ಅರಮನೆಯಲ್ಲೂ ಕಾಣುವ ಆ ಎರಡು ತಲೆಯ ಹಕ್ಕಿಯ ಗುರುತು ಹೊತ್ತ ಪೈಲಟ್‌ಗಳು ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ, ಫ್ರಾನ್ಸಿನ ಮೇಲೆ ಹಾರಿದರು. ಕೆಲವರು ಮರಳಲಿಲ್ಲ.

ಆದರೆ ಬಣ್ಣದಲ್ಲಿ ಬರೆದದ್ದು ಬಾಳುವುದು ಅದೃಷ್ಟವಿದ್ದರೆ ಮಾತ್ರ. ಹೆಸರು, ಚಿತ್ರ, ಸ್ಕ್ವಾಡ್ರನ್ನಿನ ಅಕ್ಷರಗಳು, ಮೈಮೇಲಿನ ಸಂಖ್ಯೆ ಎಲ್ಲವೂ ತೆಳು ತಗಡಿನ ಮೇಲಿನ ಬಣ್ಣ. ಬೀಳುವಾಗ ಮೊದಲು ಹರಿಯುವುದು, ಸುಡುವುದು ಅದೇ ತಗಡು. ಉಳಿಯುವುದು ಲೋಹಕ್ಕೆ ಉಳಿಯಿಂದ ಹೊಡೆದ, ಅಚ್ಚೊತ್ತಿದ ಸಣ್ಣ ಅಂಕಿಗಳು. ದಾನಿಯ ಹೆಸರು ಮಣ್ಣಿಗೆ ಹೋಗುತ್ತದೆ, ಕಾರ್ಖಾನೆಯ ಕೆಲಸಗಾರ ಹೊಡೆದ ಮುದ್ರೆ ಉಳಿಯುತ್ತದೆ.

ನೆಲ ಏನನ್ನು ಉಳಿಸಿಕೊಳ್ಳುತ್ತದೆ

ಬಿದ್ದ ವಿಮಾನಗಳೆಲ್ಲ ಹೂತುಹೋಗುವುದಿಲ್ಲ. ಪೈಲಟ್ ಹೇಗೋ ಸಂಭಾಳಿಸಿ ಹೊಟ್ಟೆಯ ಮೇಲೆ ಇಳಿಸಿದರೆ ಅದು ಹೊಲದಲ್ಲೇ ಬಿದ್ದಿರುತ್ತದೆ. ಯುದ್ಧಕಾಲದಲ್ಲಿ ಇಂಥವನ್ನು ಎತ್ತಿಕೊಂಡು ಹೋಗಲೆಂದೇ ಲಾರಿಗಳೂ ತಂಡಗಳೂ ಇದ್ದವು. ಅಲ್ಯೂಮಿನಿಯಂ ಮತ್ತೆ ಕುಲುಮೆಗೆ ಹೋಗುತ್ತಿತ್ತು. ಹೂತುಹೋಗುವುದು ಅತಿ ವೇಗದಲ್ಲಿ ನೇರ ಕೆಳಗೆ ಬಂದದ್ದು. ರೆಕ್ಕೆಗಳು ಹಗುರ ತಗಡಿನವು, ನೆಲ ಮುಟ್ಟಿದೊಡನೆ ಚೂರಾಗಿ ಮೇಲೆಯೇ ಉಳಿಯುತ್ತವೆ. ಆರುನೂರು ಕಿಲೋಗೂ ಹೆಚ್ಚು ತೂಗುವ ಎಂಜಿನ್ ಮಾತ್ರ ಗದ್ದೆಯ ಕೆಸರಿಗೆ ಎಸೆದ ಹಾರೆಯಂತೆ ಇಳಿಯುತ್ತ ಹೋಗುತ್ತದೆ. ಅದರ ಬೆನ್ನಿಗೇ ಕಾಕ್‌ಪಿಟ್ಟೂ ಮಡಿಚಿಕೊಂಡು ಒಳಗೆ ಸೇರುತ್ತದೆ. ಮೇಲಿನ ಚೂರುಗಳನ್ನು ಆಯ್ದುಕೊಂಡು, ಕುಳಿಗೆ ಮಣ್ಣು ಮುಚ್ಚಿ ತಂಡ ಮುಂದಿನ ಊರಿಗೆ ಹೋಗುತ್ತಿತ್ತು. 1940ರ ಬೇಸಿಗೆಯಲ್ಲಿ ದಕ್ಷಿಣ ಇಂಗ್ಲೆಂಡಿನಲ್ಲಿ ದಿನಕ್ಕೆ ಹತ್ತಾರು ವಿಮಾನ ಬೀಳುತ್ತಿದ್ದಾಗ ಇಪ್ಪತ್ತು ಅಡಿ ಅಗೆಯುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಆಳಕ್ಕೆ ಇಳಿದದ್ದರ ಹಣೆಬರಹ ಮಣ್ಣಿನ ಗುಣದ ಮೇಲೆ ನಿಂತಿರುತ್ತದೆ. ಗಾಳಿಯಾಡುವ ಮರಳು ಮಣ್ಣಿನಲ್ಲಿ ಉಕ್ಕು ತುಕ್ಕಾಗಿ ಸಿಪ್ಪೆ ಕಳಚುತ್ತದೆ. ಮೆಗ್ನೀಸಿಯಂ ಬೆರೆತ ಭಾಗಗಳು ಬಿಳಿ ಪುಡಿಯಾಗುತ್ತವೆ. ನೀರು ನಿಂತ ಜೇಡಿಮಣ್ಣಿನಲ್ಲಿ, ಜೌಗಿನಲ್ಲಿ ಗಾಳಿ ಇಳಿಯುವುದಿಲ್ಲ. ಅಲ್ಲಿ ಚರ್ಮ, ಬಟ್ಟೆ, ಮರ, ಕೆಲವೊಮ್ಮೆ ಕಾಗದವೂ ಉಳಿಯುವುದುಂಟು. ಅಗೆಯುವವರು ಹೇಳುವ ಮೊದಲ ಗುರುತು ವಾಸನೆ. ಮಣ್ಣು ತೆರೆದೊಡನೆ ಹಳೆಯ ಎಣ್ಣೆಯ, ಪೆಟ್ರೋಲಿನ ವಾಸನೆ ಬರುತ್ತದೆ. ಎಣ್ಣೆ ಹೀರಿದ ಜೇಡಿ ನೀಲಿ ಬೂದು ಬಣ್ಣಕ್ಕೆ ತಿರುಗಿರುತ್ತದೆ.

ಅಂಕಿಗಳ ಕುಲಗೋತ್ರ

ಗುರುತಿಸುವ ಕೆಲಸ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತದೆ. ಮೊದಲು ಯಾವ ದೇಶದ್ದು, ಆಮೇಲೆ ಯಾವ ಮಾದರಿ, ಆಮೇಲೆ ಆ ಮಾದರಿಯಲ್ಲಿ ಯಾವ ಕಾಲದ್ದು, ಕೊನೆಗೆ ಸಾವಿರಾರರಲ್ಲಿ ಯಾವುದು.

ದೇಶ ತಿಳಿಯಲು ಒಳಗಿನ ಬಣ್ಣವೇ ಬಹಳ ಸಲ ಸಾಕು. ಬ್ರಿಟಿಷ್ ಕಾಕ್‌ಪಿಟ್‌ಗಳ ಒಳಮೈ ಬೂದು ಬೆರೆತ ಹಸಿರು. ಅಮೆರಿಕನ್ ವಿಮಾನಗಳ ಒಳಗೆ ತುಕ್ಕು ತಡೆಯಲು ಬಳಿದ ಜಿಂಕ್ ಕ್ರೋಮೇಟಿನ ಹಳದಿ ಹಸಿರು. ಜಪಾನಿನ ಅನೇಕ ವಿಮಾನಗಳ ಒಳಗೆ ಗಾಜಿನಂತೆ ಮಿನುಗುವ ನೀಲಿ ಹಸಿರು ಲೇಪ. ತೋಟಾಗಳ ಹಿಂಬದಿಯಲ್ಲಿ ತಯಾರಿಸಿದ ಕಾರ್ಖಾನೆಯ ಸಂಕೇತ, ಬಹಳ ಸಲ ವರ್ಷವೂ ಇರುತ್ತದೆ. 1943ರ ತೋಟಾ ಸಿಕ್ಕಿತು ಎಂದರೆ ಆ ವಿಮಾನ 1942ರಲ್ಲಿ ಬಿದ್ದಿರಲಾರದು. ಇದು ನಾಣ್ಯ ನೋಡಿ ಶಾಸನದ ಕಾಲ ಊಹಿಸುವ ವಿಧಾನದಂತೆಯೇ; ಇದಕ್ಕಿಂತ ಹಿಂದೆ ಅಲ್ಲ ಎಂದು ಹೇಳುತ್ತದೆ, ಇಂಥದೇ ದಿನ ಎಂದು ಹೇಳುವುದಿಲ್ಲ.

ಮಾದರಿ ತಿಳಿಯಲು ಬಿಡಿಭಾಗಗಳ ಮೇಲಿನ ಸಂಖ್ಯೆ ನೋಡಬೇಕು. ಪ್ರತಿ ಭಾಗಕ್ಕೂ ಅದರ ನಕ್ಷೆಯ ಸಂಖ್ಯೆ ಒತ್ತಿರುತ್ತಾರೆ. ಸ್ಪಿಟ್‌ಫೈರಿನ ಮೊದಲ ಮಾದರಿಗೆ ಅದರ ತಯಾರಕರು ಇಟ್ಟ ಅಂಕಿ 300. ಎರಡನೆಯ ಮಾದರಿಗೆ 329, ಒಂಬತ್ತನೆಯದಕ್ಕೆ 361. ಭಾಗದ ಸಂಖ್ಯೆ ಈ ಅಂಕಿಯಿಂದಲೇ ಶುರುವಾಗುತ್ತದೆ. ಜರ್ಮನ್ ಮೆಸರ್‌ಸ್ಮಿಟ್ 109ರ ಭಾಗಗಳಲ್ಲೂ ಹಾಗೆಯೇ 109 ಕಾಣಿಸಿಕೊಳ್ಳುತ್ತದೆ. ಹೊಸಬರು ಎಡವುವುದೂ ಇಲ್ಲೇ. 300 ಎಂದು ಕಂಡೊಡನೆ ಇದು ಮೊದಲ ಮಾದರಿ ಎಂದುಬಿಡುತ್ತಾರೆ. ಆದರೆ ಮೊದಲ ಮಾದರಿಗೆ ಬರೆದ ಎಷ್ಟೋ ಭಾಗಗಳು ಬದಲಾಗದೆ ಮುಂದಿನ ಮಾದರಿಗಳಿಗೂ ಬಂದವು. ಅಪ್ಪನ ಹೆಸರು ಮಗನ ಹೆಸರಿನಲ್ಲಿ ಉಳಿದಂತೆ 300 ಎಲ್ಲ ಸ್ಪಿಟ್‌ಫೈರ್‌ಗಳಲ್ಲೂ ಸಿಗುತ್ತದೆ. ಹಾಗಾಗಿ ರಾಶಿಯಲ್ಲಿ ಹೆಚ್ಚು ಸಲ ಕಾಣುವ ಅಂಕಿಯನ್ನಲ್ಲ, ಎಲ್ಲಕ್ಕಿಂತ ಈಚಿನ ಅಂಕಿಯನ್ನು ಹಿಡಿಯಬೇಕು. ನೂರು ಭಾಗದಲ್ಲಿ 300 ಇದ್ದು ಒಂದೇ ಒಂದು ಭಾಗದಲ್ಲಿ 361 ಇದ್ದರೆ ಆ ಒಂದರ ಮಾತೇ ನಡೆಯುತ್ತದೆ.

ಭಾಗಗಳ ಮೇಲೆ ತಪಾಸಣೆಯವರ ಪುಟ್ಟ ಮುದ್ರೆಗಳೂ ಇರುತ್ತವೆ. ‘ಸಿಬಿಎಎಫ್’ ಎಂದಿದ್ದರೆ ಅದು ಬರ್ಮಿಂಗ್‌ಹ್ಯಾಮ್ ಬಳಿಯ ಕ್ಯಾಸಲ್ ಬ್ರಾಮಿಚ್ ಕಾರ್ಖಾನೆಯದು. ವುಲ್ಫ್ ಹಾರಿಸಿದ ಪಿ8074 ಹುಟ್ಟಿದ್ದೂ ಅಲ್ಲೇ. ಇಷ್ಟು ಹೊತ್ತಿಗೆ ಆಯ್ಕೆ ಸಾವಿರಾರರಿಂದ ನೂರಾರಕ್ಕೆ ಇಳಿದಿರುತ್ತದೆ.

ಕೊನೆಯ ಹೆಜ್ಜೆಗೆ, ಆ ಒಂದು ವಿಮಾನ ಯಾವುದೆಂದು ಹೇಳಲು, ಲೋಹ ಒಂದೇ ಸಾಲದು. ಕಾಗದ ಬೇಕು. ಬ್ರಿಟಿಷ್ ವಾಯುಪಡೆ ಪ್ರತಿ ವಿಮಾನಕ್ಕೂ ಒಂದು ಕಾರ್ಡ್ ಇಟ್ಟಿತ್ತು. ಯಾವ ದಿನ ಯಾವ ಸ್ಕ್ವಾಡ್ರನ್ನಿಗೆ ಹೋಯಿತು, ಯಾವಾಗ ರಿಪೇರಿಗೆ ಬಂತು, ಯಾವಾಗ ಲೆಕ್ಕದಿಂದ ಹೊರಬಿತ್ತು ಎಂಬುದೆಲ್ಲ ಅದರಲ್ಲಿದೆ. ಅಪಘಾತಗಳಿಗೆ ಬೇರೆ ಕಾರ್ಡ್. ಸ್ಕ್ವಾಡ್ರನ್ನಿನ ದಿನಚರಿ ಬೇರೆ. ಅಮೆರಿಕನ್ನರು 1943ರಿಂದ, ಮರಳದ ಪ್ರತಿ ವಿಮಾನಕ್ಕೂ ಒಂದು ವರದಿ ಬರೆಯತೊಡಗಿದರು. ಹೊರಟ ಜಾಗ, ಹವಾಮಾನ, ಕೊನೆಗೆ ಕಂಡವರು ಯಾರು, ಒಳಗಿದ್ದವರ ಹೆಸರುಗಳು. ಜೊತೆಗೆ ಎಂಜಿನ್ನುಗಳ ಸಂಖ್ಯೆ, ಮೆಷಿನ್‌ಗನ್ನುಗಳ ಸಂಖ್ಯೆ. ಆ ಹಾಳೆ ಬರೆದ ಗುಮಾಸ್ತನಿಗೆ ಅದು ದಿನದ ಕೆಲಸವಷ್ಟೇ. ಇವತ್ತು ಕಾಡಿನಲ್ಲಿ ಒಂದು ತುಕ್ಕು ಹಿಡಿದ ಗನ್ನು ಸಿಕ್ಕರೆ ಅದರಿಂದ ಎಂಟು ಜನರ ಹೆಸರಿಗೆ ದಾರಿಯಾಗುವುದು ಆ ಹಾಳೆಯಿಂದಲೇ.

ಕಾಗದವನ್ನು ಕಣ್ಣು ಮುಚ್ಚಿ ನಂಬುವ ಹಾಗೂ ಇಲ್ಲ. ಬ್ರಿಟಿಷರು ವಿಮಾನಗಳಿಗೆ ಸಂಖ್ಯೆ ಕೊಡುವಾಗ ಬೇಕೆಂದೇ ನಡುನಡುವೆ ಅಂಕಿಗಳನ್ನು ಬಿಟ್ಟಿದ್ದರು. ಎಷ್ಟು ವಿಮಾನ ಕಟ್ಟುತ್ತಿದ್ದೇವೆ ಎಂದು ಶತ್ರು ಎಣಿಸಬಾರದು ಎಂಬುದು ಉಪಾಯ. ಇನ್ನು ವಿಮಾನ ಎಂಬುದು ಒಂದೇ ಗಟ್ಟಿ ವಸ್ತುವೂ ಅಲ್ಲ. ಎಂಜಿನ್ ಬದಲಾಗುತ್ತದೆ, ರೆಕ್ಕೆ ಬದಲಾಗುತ್ತದೆ, ಕೆಟ್ಟು ನಿಂತ ಒಂದರಿಂದ ಕಿತ್ತ ಭಾಗ ಇನ್ನೊಂದಕ್ಕೆ ಸೇರುತ್ತದೆ.

ಇದಕ್ಕೆ ಬೆಂಗಳೂರಿಗಿಂತ ಒಳ್ಳೆಯ ಉದಾಹರಣೆ ಬೇಡ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಿಂದ ಅಮೆರಿಕನ್ ವಾಯುಪಡೆಯ ದೊಡ್ಡ ರಿಪೇರಿ ಡಿಪೋ ಆಗಿತ್ತು. ಯುದ್ಧ ಮುಗಿದ ಮೇಲೆ ಅದೇ ಕಾರ್ಖಾನೆ ಇನ್ನೂ ದೊಡ್ಡ ಸಾಹಸ ಮಾಡಿತು. ಕಾನ್ಪುರದಲ್ಲಿ ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರುಗಳನ್ನು, ಮತ್ತೆ ಹಾರದಂತೆ ಹಾಳುಮಾಡಿ ಬಿಟ್ಟುಹೋಗಿದ್ದರು. ಕಾರ್ಖಾನೆಯ ಪೈಲಟ್ ಜಮ್ಶೆಡ್ ಮುನ್ಶಿ ಮತ್ತು ತಂಡ 1948ರಲ್ಲಿ ಅಲ್ಲಿಗೆ ಹೋಗಿ, ಅವನ್ನು ಹಾರುವ ಮಟ್ಟಕ್ಕೆ ತಂದು, ನಲವತ್ತರ ಆಸುಪಾಸಿನಷ್ಟನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದಿತು. ಪೂರ್ತಿ ದುರಸ್ತಿಯಾದ ಅವು ಪುಣೆಯಂಥ ನೆಲೆಗಳಿಂದ 1968ರವರೆಗೆ ಭಾರತೀಯ ವಾಯುಪಡೆಗೆ ದುಡಿದವು. ಜಗತ್ತಿನ ಬೇರೆಡೆ ಲಿಬರೇಟರುಗಳನ್ನು ಕರಗಿಸಿಬಿಟ್ಟಿದ್ದರಿಂದ, ಇಂದು ಬ್ರಿಟನ್, ಅಮೆರಿಕ, ಕೆನಡಾಗಳ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಹಲವು ಲಿಬರೇಟರುಗಳು ಬೆಂಗಳೂರಿನಲ್ಲಿ ಮರುಜನ್ಮ ಪಡೆದವೇ. ಹೀಗೆ ಎದ್ದು ನಿಂತ ವಿಮಾನದಿಂದ ಒಂದು ಭಾಗ ಬಿಚ್ಚಿ ಅದರ ಸಂಖ್ಯೆ ಓದಿ, ಇಡೀ ವಿಮಾನದ ಜಾತಕ ಬರೆಯಲು ಹೊರಟರೆ ದಾರಿ ತಪ್ಪುವುದು ಖಂಡಿತ. ಮಣ್ಣಿನಡಿಯ ರಾಶಿಗೂ ಇದೇ ಎಚ್ಚರ ಬೇಕು. ಬೇರೆ ಬೇರೆ ಕಡೆಯ ನಾಲ್ಕಾರು ಭಾಗಗಳು ಒಂದೇ ಉತ್ತರ ಕೊಡುವವರೆಗೆ ಕಾಯಬೇಕು.

ಲಂಡನ್ನಿನ ರಸ್ತೆಯಡಿ

ಜಾಗವೂ ವಿಮಾನವೂ ಮೊದಲೇ ಗೊತ್ತಿದ್ದು, ಅಗೆತ ಅದನ್ನು ದೃಢಪಡಿಸಿದ ಪ್ರಸಂಗಗಳೂ ಇವೆ. 1940ರ ಸೆಪ್ಟೆಂಬರ್ 15ರಂದು 504ನೆಯ ಸ್ಕ್ವಾಡ್ರನ್ನಿನ ರೇ ಹೋಮ್ಸ್ ತಮ್ಮ ಹರಿಕೇನ್ ವಿಮಾನದಿಂದ ಒಂದು ಜರ್ಮನ್ ಡಾರ್ನಿಯರ್ ಬಾಂಬರಿಗೆ ಗುದ್ದಿದರು. ಬಾಂಬರ್ ವಿಕ್ಟೋರಿಯಾ ರೈಲು ನಿಲ್ದಾಣದ ಮುಂದೆ ಬಿತ್ತು. ಹೋಮ್ಸ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ಅವರ ಹರಿಕೇನ್, ಸಂಖ್ಯೆ ಪಿ2725, ಬಕಿಂಗ್‌ಹ್ಯಾಮ್ ಪ್ಯಾಲೇಸ್ ರಸ್ತೆಯೊಳಕ್ಕೆ ಇಳಿಯಿತು. ರಸ್ತೆ ಮುಚ್ಚಿದರು, ಬಸ್ಸುಗಳು ಅದರ ಮೇಲೆ ಓಡಾಡಿಕೊಂಡಿದ್ದವು.

2004ರ ಮೇ ತಿಂಗಳಲ್ಲಿ, ನೀರಿನ ಪೈಪು, ಗ್ಯಾಸ್ ಪೈಪು, ಕೇಬಲ್ಲುಗಳ ನಡುವೆ ಹುಷಾರಾಗಿ ಅಗೆದಾಗ ಮರ್ಲಿನ್ ಎಂಜಿನ್ನೂ ಪೈಲಟ್ ಹಿಡಿಯುವ ನಿಯಂತ್ರಣ ದಂಡವೂ ಸಿಕ್ಕವು. ಗುಂಡು ಹಾರಿಸುವ ಗುಂಡಿ ಇನ್ನೂ ‘ಫೈರ್’ ಕಡೆಗೇ ತಿರುಗಿತ್ತು. ಆಗ ಹೋಮ್ಸ್‌ಗೆ 89 ವರ್ಷ. ತಮ್ಮ ವಿಮಾನವನ್ನು ಮತ್ತೆ ನೋಡಿದರು. ಮರುವರ್ಷ ತೀರಿಕೊಂಡರು.

ಇಲ್ಲಿ ಲೋಹ, ಕಾಗದ, ಕಣ್ಣಾರೆ ಕಂಡವರ ನೆನಪು ಮೂರೂ ಕೂಡಿಬಂದವು. ಆದರೂ ಒಂದು ಮಾತು ಉಳಿಯುತ್ತದೆ. ಆ ಬಾಂಬರ್ ಅರಮನೆಯ ಮೇಲೆ ಹೊರಟಿತ್ತು, ಅದನ್ನು ಉಳಿಸಲೆಂದೇ ಹೋಮ್ಸ್ ಗುದ್ದಿದರು ಎಂಬ ಕಥೆ ಯುದ್ಧಕಾಲದಲ್ಲೇ ಬೆಳೆದುಬಿಟ್ಟಿತ್ತು. ಬಾಂಬರ್ ಮೊದಲೇ ಏಟು ತಿಂದು ತೂರಾಡುತ್ತಿತ್ತು ಎಂಬುದೂ ದಾಖಲೆಯಲ್ಲಿದೆ. ನಿಯಂತ್ರಣ ದಂಡ ನೋಡಿ ಇದು ಯಾರ ವಿಮಾನ ಎಂದು ಹೇಳಬಹುದು. ಆ ಕ್ಷಣದಲ್ಲಿ ಪೈಲಟ್ ಮನಸ್ಸಿನಲ್ಲಿ ಏನಿತ್ತು ಎಂಬುದು ಅದರಲ್ಲಿ ಬರೆದಿರುವುದಿಲ್ಲ.

ಅರುಣಾಚಲದ ಇಳಿಜಾರು

ನಮ್ಮ ದೇಶದಲ್ಲಿ ಈ ಕೆಲಸ ಅತ್ಯಂತ ಗಂಭೀರವಾಗಿ ನಡೆದದ್ದು ಅರುಣಾಚಲ ಪ್ರದೇಶದಲ್ಲಿ. 1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿದ ಮೇಲೆ ಚೀನಾಕ್ಕೆ ನೆಲದ ದಾರಿ ಮುಚ್ಚಿತು. ಆಮೇಲೆ ಮೂರು ವರ್ಷ ಪೆಟ್ರೋಲು, ಬಾಂಬು, ಔಷಧಿ ಎಲ್ಲವೂ ಅಸ್ಸಾಮಿನ ಛಬುವಾದಂಥ ನೆಲೆಗಳಿಂದ ಹಿಮಾಲಯದ ಪೂರ್ವ ತುದಿಯನ್ನು ದಾಟಿ ಕುನ್ಮಿಂಗಿಗೆ ಹಾರಿಹೋಗಬೇಕಾಯಿತು. ಈ ದಾರಿಯನ್ನು ಪೈಲಟ್‌ಗಳು ‘ಹಂಪ್’ ಎಂದು ಕರೆದರು, ಅಂದರೆ ಗೂನು. ಮೋಡ, ಹಿಮ, ಬಿರುಗಾಳಿ, ಸರಿಯಿಲ್ಲದ ನಕ್ಷೆ ಎಲ್ಲ ಸೇರಿ ನೂರಾರು ವಿಮಾನಗಳನ್ನು ನುಂಗಿದವು.

1944ರ ಜನವರಿ 25ರಂದು ಕುನ್ಮಿಂಗಿನಿಂದ ಛಬುವಾಕ್ಕೆ ಹೊರಟ ಒಂದು ಬಿ-24 ಲಿಬರೇಟರ್ ಬಾಂಬರ್ ಬಂದು ಸೇರಲಿಲ್ಲ. ಅದರ ಮೂತಿಯ ಮೇಲೆ ಸಿಬ್ಬಂದಿ ಬರೆದುಕೊಂಡಿದ್ದ ಹೆಸರು ‘ಹಾಟ್ ಆ್ಯಸ್ ಹೆಲ್’. ಸಂಖ್ಯೆ 42-73308. ಮೊದಲ ಎರಡು ಅಂಕಿ ಅದನ್ನು ಕಟ್ಟಲು ಹಣ ಮಂಜೂರಾದ ವರ್ಷ. ಒಳಗಿದ್ದವರು ಎಂಟು ಜನ. ಯುದ್ಧದ ನಂತರ ಹುಡುಕಿದರೂ ಏನೂ ಸಿಗಲಿಲ್ಲ.

ಬೆಟ್ಟದವರಿಗೆ ಇಂಥ ವಿಮಾನಗಳು ಹೊಸತಲ್ಲ. ಬೇಟೆಗೆ, ಸೊಪ್ಪು ಗೆಡ್ಡೆಗೆ ಹೋದವರು ಕಾಡಿನಲ್ಲಿ ಅಲ್ಯೂಮಿನಿಯಂ ತಗಡು ಕಂಡರೆ ಹೊತ್ತು ತಂದು ಪಾತ್ರೆ, ಕತ್ತಿ ಮಾಡಿಕೊಂಡದ್ದುಂಟು. ಆ ಜಾಗಗಳ ನೆನಪು ಊರಿನಲ್ಲಿತ್ತು, ಎಂಟು ಜನರ ಹೆಸರುಗಳು ಅಮೆರಿಕದ ಕಡತದಲ್ಲಿದ್ದವು. ಎರಡಕ್ಕೂ ನಂಟು ಕಲ್ಪಿಸುವವರು ಇರಲಿಲ್ಲ. 2006ರಲ್ಲಿ ಅರಿಜೋನಾದ ಕ್ಲೇಟನ್ ಕೂಲ್ಸ್ ಎಂಬ ಚಾರಣಿಗ ಸ್ಥಳೀಯರ ಜೊತೆ ಮೇಲಿನ ಸಿಯಾಂಗ್ ಪ್ರದೇಶದ ದಮ್ರೋ ಹಳ್ಳಿಯಿಂದ ಕಾಡು ಹತ್ತಿ ಆ ಅವಶೇಷಗಳ ಬಳಿಗೆ ಹೋದರು. ಗುರುತುಗಳು 42-73308ಕ್ಕೆ ಹೊಂದಿದವು. ವಿಮಾನದ ಗುರುತು ಸಿಕ್ಕಿತು.

ಮನುಷ್ಯರ ಗುರುತಿಗೆ ಇನ್ನೂ ಹನ್ನೊಂದು ವರ್ಷ ಬೇಕಾಯಿತು. ವಿಮಾನ ಯಾವುದೆಂದು ತಿಳಿದರೆ ಒಳಗೆ ಯಾರಿದ್ದರೆಂದು ಕಡತ ಹೇಳುತ್ತದೆ. ಆದರೆ ಈ ಮೂಳೆ ಆ ಎಂಟರಲ್ಲಿ ಯಾರದು ಎಂದು ಹೇಳಲಾರದು. ಕಾಣೆಯಾದ ಸೈನಿಕರನ್ನು ಹುಡುಕುವ ಅಮೆರಿಕದ ಸರ್ಕಾರಿ ಸಂಸ್ಥೆ 2015ರಲ್ಲಿ ತಂಡ ಕಳಿಸಿತು. ಕಡಿದಾದ ಇಳಿಜಾರಿನಲ್ಲಿ ಹಗ್ಗ ಕಟ್ಟಿ, ಮಣ್ಣನ್ನು ಜರಡಿ ಹಿಡಿದು, ಸಿಕ್ಕಿದ್ದನ್ನು ಕೆಳಗಿಳಿಸಿದರು. 2016ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ಸೇನಾ ಗೌರವದೊಂದಿಗೆ ಅವನ್ನು ಅಮೆರಿಕಕ್ಕೆ ಬೀಳ್ಕೊಟ್ಟರು. ಡಿಎನ್‌ಎ ಪರೀಕ್ಷೆಯಿಂದ 2017ರಲ್ಲಿ ಎಂಟರಲ್ಲಿ ಒಬ್ಬರ ಗುರುತು ಖಚಿತವಾಯಿತು: ಲೆಫ್ಟಿನೆಂಟ್ ರಾಬರ್ಟ್ ಆಕ್ಸ್‌ಫರ್ಡ್, ಗುರಿ ನೋಡಿ ಬಾಂಬು ಹಾಕುವ ಬಾಂಬಾರ್ಡಿಯರ್. ಆ ಜೂನ್‌ನಲ್ಲಿ ಜಾರ್ಜಿಯಾ ರಾಜ್ಯದ ಕಾಂಕರ್ಡ್ ಎಂಬ ಅವರ ಪುಟ್ಟ ಊರಿನಲ್ಲಿ, ಮನೆಯವರ ಸಮಾಧಿಗಳ ಪಕ್ಕದಲ್ಲಿ ಮಣ್ಣು ಮಾಡಿದರು. ಹೊರಟು 73 ವರ್ಷವಾಗಿತ್ತು.

ಈ ಬೆಟ್ಟಗಳಿಂದ ತಂದ ವಿಮಾನಗಳ ಭಾಗಗಳನ್ನು ಈಗ ಪಾಸಿಘಾಟ್‌ನಲ್ಲಿ 2023ರಲ್ಲಿ ತೆರೆದ ಹಂಪ್ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ರಂಗೂನಿನಲ್ಲಿ ಸಿಗದ ವಿಮಾನಗಳು

ಇದಕ್ಕೆ ಪೂರ್ತಿ ಎದುರಾದ ಕಥೆ ಬರ್ಮಾದ್ದು. ಯುದ್ಧದ ಕೊನೆಯಲ್ಲಿ ಬ್ರಿಟಿಷರು ರಂಗೂನಿನ ಮಿಂಗಲಡಾನ್ ವಿಮಾನನೆಲೆಯಲ್ಲಿ ಹೊಚ್ಚಹೊಸ ಸ್ಪಿಟ್‌ಫೈರ್‌ಗಳನ್ನು ಮರದ ಪೆಟ್ಟಿಗೆಗಳಲ್ಲಿಟ್ಟು ಹೂತರು ಎಂಬ ಮಾತು ಬಹಳ ವರ್ಷ ಕೇಳಿಬರುತ್ತಿತ್ತು. ಇಂಗ್ಲೆಂಡಿನ ರೈತ ಡೇವಿಡ್ ಕಂಡಲ್ ಅದನ್ನು ನಂಬಿ, ಮುದುಕರಾಗಿದ್ದ ಮಾಜಿ ಸೈನಿಕರ ನೆನಪುಗಳನ್ನು ಕೂಡಿಹಾಕಿದರು. ಪೆಟ್ಟಿಗೆ ಹೂತದ್ದನ್ನು ನೋಡಿದೆವು ಎಂದವರು ಒಬ್ಬಿಬ್ಬರಲ್ಲ. ಯಂತ್ರಗಳು ನೆಲದಡಿ ಏನೋ ಲೋಹವಿದೆ ಎಂದು ತೋರಿಸಿದವು. ಎಣಿಕೆ ಬೆಳೆಯುತ್ತ ಬೆಳೆಯುತ್ತ ನೂರನ್ನು ದಾಟಿತು. 2012ರಲ್ಲಿ ಬ್ರಿಟನ್ನಿನ ಪ್ರಧಾನಿ ಡೇವಿಡ್ ಕ್ಯಾಮರಾನ್ ಬರ್ಮಾದ ಅಧ್ಯಕ್ಷರೊಡನೆ ಈ ವಿಷಯ ಮಾತಾಡಿದರು. ವಾರ್‌ಗೇಮಿಂಗ್ ಎಂಬ ಕಂಪ್ಯೂಟರ್ ಆಟದ ಕಂಪನಿ ಹಣ ಹಾಕಿತು. 2013ರ ಜನವರಿಯಲ್ಲಿ ಅಗೆತ ಶುರುವಾಯಿತು.

ಸಿಕ್ಕಿದ್ದು ಕೇಬಲ್ಲು, ಪೈಪು. ಮುಂದಿನ ತಿಂಗಳು ಕಂಪನಿಯೇ, ಇಲ್ಲಿ ಸ್ಪಿಟ್‌ಫೈರ್ ಹೂತೇ ಇರಲಿಲ್ಲ ಎಂದು ಹೇಳಿಕೆ ಕೊಟ್ಟಿತು. ಅದನ್ನು ತೀರ್ಮಾನಿಸಿದ್ದು ಗುದ್ದಲಿ ಮಾತ್ರವಲ್ಲ, ಕಡತವೂ. ರಂಗೂನ್ ಬಂದರಿನಲ್ಲಿ ವಾಯುಪಡೆಯ ಸಾಮಾನು ಇಳಿಸುತ್ತಿದ್ದ ಘಟಕದ ದಾಖಲೆಯ ಪ್ರಕಾರ 1945, 1946ರಲ್ಲಿ ಮೂರು ಹಡಗುಗಳಿಂದ ಬಂದ ವಿಮಾನಗಳು ಒಟ್ಟು 37. ಪೆಟ್ಟಿಗೆಯಲ್ಲಿ ಬಂದ ಸ್ಪಿಟ್‌ಫೈರ್ ಒಂದೂ ಇರಲಿಲ್ಲ. ಬಂದವುಗಳಲ್ಲಿ ಹೆಚ್ಚಿನವನ್ನು ಮತ್ತೆ ಹೊರಗೆ ಸಾಗಿಸಿದಂತಿತ್ತು.

ಕಂಡೆವು ಎಂದವರೆಲ್ಲ ಸುಳ್ಳು ಹೇಳಿದರು ಎಂದು ಇದರ ಅರ್ಥವಲ್ಲ. ಸೇನೆ ಬಿಟ್ಟುಹೋಗುವಾಗ ಏನೇನನ್ನೋ ಹೂಳುತ್ತದೆ. ಇಪ್ಪತ್ತರ ಹರೆಯದಲ್ಲಿ ದೂರದಿಂದ ಕಂಡ ಒಂದು ಪೆಟ್ಟಿಗೆ ಐವತ್ತು ವರ್ಷ ಹೇಳುತ್ತ ಹೇಳುತ್ತ ಸ್ಪಿಟ್‌ಫೈರ್ ಆಗಬಹುದು. ದಮ್ರೋದಲ್ಲಿ ನೆನಪು ಸರಿಯಾದ ಜಾಗಕ್ಕೆ ಕರೆದೊಯ್ದಿತು, ಏಕೆಂದರೆ ಆ ನೆನಪಿನ ತುದಿಯಲ್ಲಿ ಕೈಗೆ ಸಿಗುವ ಲೋಹವಿತ್ತು. ಮಿಂಗಲಡಾನಿನಲ್ಲಿ ನೆನಪಿಗೆ ಲೋಹವೂ ಕಾಗದವೂ ಜೊತೆಗೂಡಲಿಲ್ಲ.

ಅಗೆಯುವ ಮೊದಲು

ಒಂದು ಕಾಲದಲ್ಲಿ ಇಂಗ್ಲೆಂಡಿನಲ್ಲಿ ಹವ್ಯಾಸಿಗಳು ಶನಿವಾರ ಭಾನುವಾರ ಯಂತ್ರ ತಂದು ಹೊಲಗಳನ್ನು ಅಗೆಯುತ್ತಿದ್ದರು. ಎಂಜಿನ್ ಸಿಗಲಿ, ಗಡಿಯಾರ ಸಿಗಲಿ ಎಂಬ ಆಸೆ. ಕೆಲವೊಮ್ಮೆ ಸಿಕ್ಕಿದ್ದು ಪೈಲಟ್ಟೇ. 1986ರಲ್ಲಿ ಅಲ್ಲಿ ಸೇನಾ ಅವಶೇಷಗಳ ರಕ್ಷಣೆಗೆ ಕಾಯಿದೆ ಬಂತು. ಸೇನಾ ಸೇವೆಯಲ್ಲಿ ಬಿದ್ದ ವಿಮಾನವನ್ನು ಪರವಾನಗಿಯಿಲ್ಲದೆ ಮುಟ್ಟುವುದು ಈಗ ಅಪರಾಧ. ಒಳಗೆ ಶರೀರವಿರುವ ಸಾಧ್ಯತೆ ಇದ್ದರೆ, ಸಿಡಿಯದ ಬಾಂಬಿದ್ದರೆ ಸಾಮಾನ್ಯವಾಗಿ ಪರವಾನಗಿ ಸಿಗುವುದಿಲ್ಲ. ಹೀಗಾಗಿ ಯಾವ ವಿಮಾನ ಎಂಬ ಪ್ರಶ್ನೆಗೆ ಅಗೆಯುವ ಮೊದಲೇ, ಕಾಗದದ ಮೇಲೆ, ಉತ್ತರ ಕೊಡಬೇಕು. ಗುರುತಿಸುವ ಕೆಲಸ ಈಗ ಗುದ್ದಲಿಗಿಂತ ಮೊದಲು ಬರುತ್ತದೆ.

ಲಂಡನ್ನಿನ ಹೊರವಲಯದ ರನ್ನಿಮೀಡ್ ಸ್ಮಾರಕದಲ್ಲಿ ಸಮಾಧಿಯೇ ಇಲ್ಲದ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಾಯುಪಡೆಯವರ ಹೆಸರುಗಳಿವೆ. ಏಷ್ಯಾದ ಪೂರ್ವ, ದಕ್ಷಿಣ ಭಾಗಗಳಲ್ಲಿ ಹಾರಿ ಕಾಣೆಯಾದವರ ಹೆಸರುಗಳು ಸಿಂಗಪುರದ ಕ್ರಾಂಜಿ ಸ್ಮಾರಕದ ಕಂಬಗಳಲ್ಲಿವೆ. ನಮ್ಮ ದೇಶದವರೂ ಅಲ್ಲಿದ್ದಾರೆ. ಇನ್ನೊಂದೆಡೆ ಅನೇಕ ಸ್ಮಶಾನಗಳಲ್ಲಿ ‘ಅಜ್ಞಾತ ವಾಯುಯೋಧ’ ಎಂದಷ್ಟೇ ಬರೆದ ಕಲ್ಲುಗಳಿವೆ. ಒಂದು ಕಡೆ ಸಮಾಧಿಯಿಲ್ಲದ ಹೆಸರು, ಇನ್ನೊಂದು ಕಡೆ ಹೆಸರಿಲ್ಲದ ಸಮಾಧಿ. ಇವೆರಡನ್ನೂ ಸೇರಿಸಲು ಬೇಕಾಗುವುದು ಒಂದು ಭಾಗದ ಮೇಲಿನ ನಾಲ್ಕೈದು ಅಂಕಿ, ಮತ್ತು ಆ ಅಂಕಿಯನ್ನು ತಪ್ಪಿಲ್ಲದೆ ಬರೆದಿಟ್ಟ ಒಬ್ಬ ಗುಮಾಸ್ತ.